ಯಂತ್ರದ ಮಾತಿಗೆ ಹೊಣೆ ಯಾರು?

(ಜುಮಾ ಖುತ್ಬಾದ ಸಾರಾಂಶ)



ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದಾಗ ಅಲ್ಲಿನ ರೈತರು ಗಂಡು ಖರ್ಜೂರದ ಹೂವನ್ನು ತಂದು ಹೆಣ್ಣು ಮರದ ಹೂಗೊಂಚಲಿಗೆ ಸೋಕಿಸುತ್ತಿದ್ದುದನ್ನು ಕಂಡರು. ಹೀಗೆ ಮಾಡದಿದ್ದರೂ ಆದೀತೇನೋ ಎಂಬರ್ಥದ ಮಾತನ್ನು ಅವರು ಆಡಿದರು. ರೈತರು ಆ ಕೆಲಸ ಬಿಟ್ಟರು. ಆ ವರ್ಷ ಫಸಲು ಇಳಿಯಿತು. ವಿಷಯ ತಿಳಿದಾಗ ಪ್ರವಾದಿಯವರು(ಸ), ಇಂಥ ಲೋಕವ್ಯವಹಾರಗಳಲ್ಲಿ ನಿಮಗೇ ಹೆಚ್ಚು ತಿಳಿದಿದೆ ಎಂದು ಅವರಿಗೆ ಸ್ಪಷ್ಟಪಡಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆ ವರದಿಯಾಗಿದೆ.

ಈ ಹದೀಸನ್ನು ನಾವು ಬಹಳ ಸಲ ಕೇಳಿದ್ದೇವೆ. ಹೊಸ ಉಪಕರಣವೊಂದು ಬಂದಾಗಲೆಲ್ಲ ಯಾರಾದರೂ ಇದನ್ನು ನೆನಪಿಸುತ್ತಾರೆ. ಆದರೆ ಇದರ ಜೊತೆಯಲ್ಲೇ ಇಟ್ಟು ಓದಬೇಕಾದ ಇನ್ನೊಂದು ಹದೀಸ್ ಇದೆ. ಅಬೂದಾವೂದ್, ನಸಾಈ, ಇಬ್ನು ಮಾಜಃ ಗ್ರಂಥಗಳಲ್ಲಿದೆ. ವೈದ್ಯವಿದ್ಯೆ ಬಲ್ಲವನೆಂದು ಗುರುತಿಸಿಕೊಳ್ಳದವನು ಇನ್ನೊಬ್ಬನಿಗೆ ಚಿಕಿತ್ಸೆ ಮಾಡಿದರೆ ಆಗುವ ಹಾನಿಗೆ ಅವನೇ ಹೊಣೆಗಾರ ಎಂಬುದು ಅದರ ಸಾರ. ಮೂಲದಲ್ಲಿ ಹೊಣೆಗಾರ ಎಂಬುದಕ್ಕೆ ಬಂದಿರುವ ಅರಬಿ ಪದವೇ ಪಾರಸಿಯ ದಾರಿಯಾಗಿ ಕನ್ನಡಕ್ಕೆ ಬಂದು ‘ಜಾಮೀನು’ ಆಗಿದೆ. ಕೋರ್ಟಿನಲ್ಲಿ ನಾವು ದಿನವೂ ಬಳಸುವ ಪದ. ಜಾಮೀನು ನಿಲ್ಲುವವನಿಗೆ ಹೆಸರಿರಬೇಕು, ವಿಳಾಸವಿರಬೇಕು, ಕರೆದರೆ ಬರಬೇಕು.

ಕಲಿಯಿರಿ, ಪ್ರಯೋಗಿಸಿ ನೋಡಿರಿ ಎಂದು ಮೊದಲ ಹದೀಸ್ ನಮಗೆ ದಾರಿ ಬಿಡುತ್ತದೆ. ಎಡವಟ್ಟಾದರೆ ಯಾರು ಉತ್ತರ ಕೊಡುತ್ತೀರಿ ಎಂದು ಎರಡನೆಯದು ಕೇಳುತ್ತದೆ. ಇಂದು ಆಸ್ಪತ್ರೆಗೆ, ತೋಟಕ್ಕೆ, ಪಡಿತರದ ಅಂಗಡಿಗೆ, ಕೊನೆಗೆ ನಮ್ಮ ಅಂಗೈಯ ಫೋನಿಗೂ ಬಂದಿರುವ ಹೊಸ ಯಂತ್ರಗಳ ಬಗ್ಗೆ ಮಾತನಾಡುವಾಗ ಈ ಎರಡನೆಯ ಪ್ರಶ್ನೆಯನ್ನೇ ನಾವು ಕೈಯಲ್ಲಿ ಹಿಡಿದುಕೊಳ್ಳೋಣ.

ಕೃತಕ ಬುದ್ಧಿಮತ್ತೆ ಹಲಾಲೋ ಹರಾಮೋ ಎಂದು ಕೆಲವು ಯುವಕರು ಕೇಳುತ್ತಾರೆ. ಧ್ವನಿವರ್ಧಕ ಬಂದ ಕಾಲದಲ್ಲಿ, ನಮಾಝ್‌ನಲ್ಲಿ ಅದನ್ನು ಬಳಸಬಹುದೇ ಎಂದು ಈ ಉಪಖಂಡದ ವಿದ್ವಾಂಸರ ನಡುವೆ ದೀರ್ಘ ಚರ್ಚೆ ನಡೆದಿತ್ತು. ಈಗ ಅದೇ ಧ್ವನಿವರ್ಧಕ ಎರಡು ನಿಮಿಷ ಕೈಕೊಟ್ಟರೆ ಹಿಂದಿನ ಸಾಲಿನಿಂದ ಮೊದಲು ಕೆಮ್ಮುವವರು ನಮ್ಮ ಹಿರಿಯರೇ! ಉಪಕರಣವನ್ನು ಒಪ್ಪುವುದು ಬಿಡುವುದು ಒಂದು ತಲೆಮಾರಿನೊಳಗೆ ತಾನಾಗಿ ತೀರ್ಮಾನವಾಗಿಬಿಡುತ್ತದೆ. ಹೊಣೆಯ ಪ್ರಶ್ನೆ ಹಾಗೆ ತಾನಾಗಿ ತೀರುವುದಿಲ್ಲ. ಅದನ್ನು ಯಾರಾದರೂ ಎತ್ತಬೇಕು.

ಎತ್ತಿದವರಿದ್ದಾರೆ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ಒಬ್ಬ ವೈದ್ಯನ ತಪ್ಪಿನಿಂದ ರೋಗಿಯೊಬ್ಬ ಸತ್ತ ಸುದ್ದಿ ಖಲೀಫ ಅಲ್ ಮುಕ್ತದಿರ್‌ಗೆ ತಲುಪಿತು. ಸಿನಾನ್ ಇಬ್ನು ಸಾಬಿತ್ ಎಂಬ ಹಿರಿಯ ವೈದ್ಯರು ಪರೀಕ್ಷಿಸಿ ಅನುಮತಿ ಕೊಡದ ಹೊರತು ನಗರದಲ್ಲಿ ಯಾರೂ ಚಿಕಿತ್ಸೆ ಮಾಡಬಾರದು ಎಂದು ಆಜ್ಞೆಯಾಯಿತು. ಸುಮಾರು 860 ಮಂದಿ ಪರೀಕ್ಷೆಗೆ ಬಂದರೆಂದು ಇತಿಹಾಸಕಾರರು ಬರೆದಿದ್ದಾರೆ. ಮುಸ್ಲಿಮ್ ವಿಜ್ಞಾನಿಗಳ ಹೆಸರು ಹೇಳಿ ಸಭೆಗಳಲ್ಲಿ ಎದೆಯುಬ್ಬಿಸುವವರು ಈ ಪರೀಕ್ಷೆಯ ಕಥೆಯನ್ನು ಯಾಕೋ ಹೇಳುವುದು ಕಡಿಮೆ.

ಮೊದಲು ಆರೋಗ್ಯದ ಮಾತು.

ಹೃದಯಾಘಾತ ನಮ್ಮ ಮನೆಗಳಿಗೆ ‘ಗ್ಯಾಸ್’ ಎಂಬ ಹೆಸರಿನಲ್ಲಿ ಬರುತ್ತದೆ. ರಾತ್ರಿ ಊಟವಾದ ಮೇಲೆ ಎದೆ ಬಿಗಿಯುತ್ತದೆ, ಎಡಗೈ ಜೋಮು ಹಿಡಿಯುತ್ತದೆ, ಬೆವರು ಕಿತ್ತುಬರುತ್ತದೆ. ಮನೆಯವರು ಸೋಡಾ ಕುಡಿಸುತ್ತಾರೆ, ಜೀರಿಗೆ ನೀರು ಕೊಡುತ್ತಾರೆ, ಬೆಳಗಾಗಲಿ ನೋಡುವ ಎನ್ನುತ್ತಾರೆ. ಅತ್ತ ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದೆ. ಹೃದಯದ ಸ್ನಾಯು ಸಾಯತೊಡಗಿದೆ. ಮೊದಲ ಒಂದು ಗಂಟೆಯೊಳಗೆ ಆ ದಾರಿ ತೆರೆದರೆ ಬಹುಪಾಲು ಸ್ನಾಯುವನ್ನು ಉಳಿಸಬಹುದು. ಬೆಳಗಿನ ತನಕ ಕಾದರೆ ಬದುಕಿದವನೂ ಅರ್ಧ ಹೃದಯದಲ್ಲಿ ಬದುಕಬೇಕಾಗುತ್ತದೆ. ನಮ್ಮ ದೇಶದವರಿಗೆ ಈ ಕಾಯಿಲೆ ಪಾಶ್ಚಾತ್ಯ ದೇಶದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ ಎಂಬುದನ್ನು ವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಸಂಸಾರದ ಭಾರ ಹೊತ್ತಿರುವ ವಯಸ್ಸಿನಲ್ಲೇ ಬರುತ್ತದೆ ಎಂದರ್ಥ.

ಇದನ್ನು ಗುರುತಿಸುವ ಇಸಿಜಿ ಯಂತ್ರ ಹೊಸದಲ್ಲ. ಹಾಲೆಂಡಿನ ವಿಲ್ಲೆಮ್ ಐಂಥೋವನ್ ಅದನ್ನು ರೂಪಿಸಿದಾಗ ಅದರ ತೂಕ ಸುಮಾರು 270 ಕಿಲೋ, ನಡೆಸಲು ಐದು ಮಂದಿ ಬೇಕಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಅದು ಶಾಲಾ ಬ್ಯಾಗಿನಲ್ಲಿ ಹಿಡಿಯುತ್ತದೆ. ಆದರೂ ಹಳ್ಳಿಯವನಿಗೆ ಅದು ದೂರವೇ ಇತ್ತು, ಏಕೆಂದರೆ ಯಂತ್ರ ಬರೆದ ಗೆರೆಯನ್ನು ಓದಬಲ್ಲ ತಜ್ಞರು ನಗರದಲ್ಲಿದ್ದರು.

ನಮ್ಮ ಕರಾವಳಿಯಲ್ಲೇ ಇದಕ್ಕೊಂದು ಉತ್ತರ ಹುಟ್ಟಿತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಹೆಸರಿನಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಕೊಡಿಸಿದರು. ಅಲ್ಲಿನ ವೈದ್ಯರನ್ನೂ ನಗರದ ತಜ್ಞರನ್ನೂ ವಾಟ್ಸ್‌ಆಪ್ ಗುಂಪುಗಳಲ್ಲಿ ಸೇರಿಸಿದರು. ಹಳ್ಳಿಯಲ್ಲಿ ತೆಗೆದ ಇಸಿಜಿಯ ಫೋಟೊ ಗುಂಪಿಗೆ ಬಂದರೆ ಆ ಕಡೆಯಿಂದ ತಜ್ಞರ ಉತ್ತರ ಬರುತ್ತದೆ. ನಮ್ಮ ಮಕ್ಕಳು ಮದುವೆಯ ವಿಡಿಯೊ ಕಳುಹಿಸುವ ಅದೇ ವಾಟ್ಸ್‌ಆಪ್. ಅಲ್ಲಿ ಹೊಸದಾಗಿ ಬಂದದ್ದು ಯಂತ್ರವಲ್ಲ. ಹಳ್ಳಿಯ ರೋಗಿಯ ಗೆರೆಗೆ ಉತ್ತರ ಕೊಡುವ ಹೊಣೆಯನ್ನು ನಗರದ ತಜ್ಞನೊಬ್ಬ ಒಪ್ಪಿಕೊಂಡದ್ದು ಹೊಸದು.

ರಾಜ್ಯ ಸರಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಯಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಬೇಗ ಪರಿಶೀಲಿಸಿ, ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಯೊಂದಿಗೆ ಸಂಪರ್ಕ ಕಲ್ಪಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ಏರ್ಪಾಡು ಅದು. ಹೊರಗೆ ಈ ಮದ್ದಿಗೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ಎದೆನೋವು ಬಂದಾಗ ಮೊದಲು ತಾಲೂಕು ಆಸ್ಪತ್ರೆಗೆ ಓಡಬೇಕು ಎಂಬುದು ನಮ್ಮ ಪ್ರತಿ ಮನೆಗೂ ತಿಳಿದಿರಬೇಕಾದ ವಿಷಯ.

ಇಲ್ಲಿ ಯಂತ್ರ ಮಾಡುವುದೇನು? ಈ ಹಿಂದೆ ಓದಲ್ಪಟ್ಟ ಅಸಂಖ್ಯ ಇಸಿಜಿಗಳ ಮಾದರಿಯ ಮೇಲೆ ಈ ಗೆರೆಯನ್ನು ಅಳೆದು, ಇದು ಅಪಾಯದ ಗೆರೆಯಂತಿದೆ ಎಂದು ಕ್ಷಣದಲ್ಲಿ ಕೂಗಿ ಹೇಳುತ್ತದೆ. ನೂರು ಗೆರೆಗಳ ರಾಶಿಯಲ್ಲಿ ತುರ್ತಿನದನ್ನು ಮೇಲಕ್ಕೆ ಎತ್ತಿಡುತ್ತದೆ. ಚುಚ್ಚುಮದ್ದು ಕೊಡಬೇಕೋ ಬೇಡವೋ ಎಂಬ ತೀರ್ಮಾನವನ್ನು ಮಾತ್ರ ವೈದ್ಯರೇ ತೆಗೆದುಕೊಳ್ಳಬೇಕು. ಆ ಮದ್ದು ರಕ್ತಸ್ರಾವ ಮಾಡಿಸಬಲ್ಲದು, ಮಿದುಳಿನಲ್ಲೂ. ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವನಿಗೆ, ಹಿಂದೆ ಮಿದುಳಿನ ರಕ್ತಸ್ರಾವ ಆದವನಿಗೆ ಅದನ್ನು ಕೊಡಬಾರದು. ಅದನ್ನು ಕೇಳಿ ತಿಳಿದು, ರೋಗಿಯ ಮುಖ ನೋಡಿ, ತನ್ನ ಹೆಸರಿನಲ್ಲಿ ಸಹಿ ಹಾಕುವವನು ಒಬ್ಬ ಮನುಷ್ಯ. ಜಾಮೀನು ಅವನದು.

ಇನ್ನೊಂದು ಮಾತನ್ನೂ ಕಿವಿಯಲ್ಲಿಟ್ಟುಕೊಳ್ಳಿ. ಮೊದಲ ಇಸಿಜಿ ಸರಿಯಾಗಿದೆ ಎಂದಾಕ್ಷಣ ಹೃದಯಾಘಾತ ಇಲ್ಲವೆಂದಲ್ಲ. ಕೆಲವೊಮ್ಮೆ ಗೆರೆ ತಡವಾಗಿ ಬದಲಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು, ರಕ್ತ ಪರೀಕ್ಷೆಯೂ ಬೇಕಾಗಬಹುದು. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಂತಿಯಾಗಿ ಅದು ಬರುವುದುಂಟು. ಮಗ ದುಬೈಯಿಂದ ತಂದುಕೊಟ್ಟ ಕೈಗಡಿಯಾರ ‘ಎಲ್ಲವೂ ಸಾಮಾನ್ಯ’ ಎಂದು ತೋರಿಸಿತೆಂದು ಮನೆಯಲ್ಲಿ ಮಲಗಿಬಿಡಬೇಡಿ.

ಯಂತ್ರಕ್ಕೆ ಯಾರ ದೇಹವನ್ನು ತೋರಿಸಿ ಕಲಿಸಿದ್ದಾರೆ ಎಂಬುದೂ ಮುಖ್ಯ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಸಾಧನ ನಮ್ಮೆಲ್ಲರ ಮನೆಗೆ ಬಂತಲ್ಲವೇ? ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದಲ್ಲಿ ಆಮ್ಲಜನಕ ನಿಜಕ್ಕೂ ಕುಸಿದಿದ್ದರೂ ಆ ಸಾಧನ ಸರಿಯಿದೆ ಎಂದು ತೋರಿಸಿದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ವರ್ಣದವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಕಂಡವು. ಅದರ ಬೆಳಕು ಚರ್ಮವನ್ನು ಹಾದುಹೋಗಬೇಕು, ಚರ್ಮದ ಬಣ್ಣಕ್ಕೆ ತಕ್ಕಂತೆ ಲೆಕ್ಕ ತಪ್ಪುತ್ತದೆ. ಯಾರೂ ದ್ವೇಷದಿಂದ ಹಾಗೆ ಮಾಡಿದ್ದಲ್ಲ. ತಯಾರಿಸುವಾಗ ಆ ಚರ್ಮದವರು ಸಾಕಷ್ಟು ಮಂದಿ ಅವರ ಮುಂದೆ ಇರಲಿಲ್ಲ, ಅಷ್ಟೆ. ನಮ್ಮ ಹೆಣ್ಣುಮಕ್ಕಳು, ನಮ್ಮ ಹಳ್ಳಿಯ ಕೂಲಿಯವರು ಯಾವ ಯಂತ್ರದ ಪಾಠಶಾಲೆಯಲ್ಲಿ ಇದ್ದಾರೆ ಎಂದು ಕೇಳುವವರು ನಮ್ಮೊಳಗಿಂದಲೇ ಬರಬೇಕು. ಇಂಜಿನಿಯರಿಂಗ್, ವೈದ್ಯಕೀಯ ಓದುತ್ತಿರುವ ನಮ್ಮ ಮಕ್ಕಳು ಇದನ್ನು ಪ್ರಶ್ನೆಯಾಗಿ ತೆಗೆದುಕೊಳ್ಳಲಿ.

ಫೋನಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬರೆದುಕೊಡುವ ಆಪ್‌ಗಳ ಬಗ್ಗೆಯೂ ಹೇಳಬೇಕು. ರಕ್ತ ಪರೀಕ್ಷೆಯ ವರದಿಯಲ್ಲಿ ಇರುವ ಪದಗಳ ಅರ್ಥ ತಿಳಿಯಲು, ವೈದ್ಯರಲ್ಲಿ ಏನೇನು ಕೇಳಬೇಕೆಂದು ಬರೆದುಕೊಳ್ಳಲು ಅವು ಉಪಕಾರಿ. ಆದರೆ ರಮಝಾನ್‌ನಲ್ಲಿ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕೆಂದು ಅದನ್ನು ಕೇಳಿ ತಾವೇ ಸೂಜಿ ಚುಚ್ಚಿಕೊಳ್ಳುವುದು ಬೇರೆ ಮಾತು. ಉಪವಾಸಕ್ಕೆ ಒಂದೆರಡು ತಿಂಗಳು ಮೊದಲೇ ನಿಮ್ಮ ವೈದ್ಯರ ಬಳಿ ಹೋಗಿ ಪ್ರಮಾಣ ನಿಗದಿ ಮಾಡಿಸಿಕೊಳ್ಳಿ. ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಿದರೆ ಆಪ್ ಎದ್ದು ಬಂದು ಆಸ್ಪತ್ರೆಗೆ ಒಯ್ಯುವುದಿಲ್ಲ.

ಇನ್ನು ತೋಟಕ್ಕೆ ಬರೋಣ.

ಅಡಿಕೆ ಬೆಳೆಯುವವರಿಗೆ ಕೊಳೆರೋಗ ಏನೆಂದು ಹೇಳಬೇಕಿಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಎಳೆಯ ಕಾಯಿ ಬುಡದಲ್ಲಿ ಕಪ್ಪಾಗಿ ತೋಟದ ತುಂಬ ಉದುರುವುದನ್ನು ನೋಡಿದವರು ಆ ವಾಸನೆಯನ್ನು ಮರೆಯುವುದಿಲ್ಲ. ಮಲೆನಾಡಿನಲ್ಲಿ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವ ಪದ್ಧತಿಯಿತ್ತು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಅಧ್ಯಯನ ಮಾಡಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಸಿಂಪಡಿಸುವ ಕ್ರಮ ತಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ನೂರು ವರ್ಷ ದಾಟಿದರೂ ನಾವು ಇಂದಿಗೂ ಅದನ್ನೇ ಬಿಡುತ್ತಿದ್ದೇವೆ. ಅಂದು ಅದೇ ‘ಹೊಸ ತಂತ್ರಜ್ಞಾನ’.

ಮದ್ದು ಹಳೆಯದೇ ಉಳಿಯಿತು, ಮರ ಹತ್ತುವವರು ಮಾತ್ರ ಕಡಿಮೆಯಾದರು. 50–60 ಅಡಿ ಎತ್ತರದ, ಮಳೆಗೆ ಜಾರುವ ಮರವನ್ನು ಏರಿ, ಒಂದು ಮರದಿಂದ ಇನ್ನೊಂದಕ್ಕೆ ವಾಲಿ ಹಿಡಿದು ದಾಟುವ ಕೆಲಸ. ಬಿದ್ದವರ ಮನೆಗಳು ನಮ್ಮ ಸುತ್ತಮುತ್ತಲೂ ಇವೆ. ಬೆನ್ನುಮೂಳೆ ಮುರಿದು ಮಂಚ ಹಿಡಿದವರು ಹಲವರು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಗೊನೆ ಇಳಿಸಬಹುದು, ಮದ್ದೂ ಬಿಡಬಹುದು. ಕ್ಯಾಂಪ್ಕೊದಂಥ ಸಂಸ್ಥೆಗಳು ಇದರಲ್ಲಿ ಯುವಕರಿಗೆ ತರಬೇತಿಯನ್ನೂ ಕೊಟ್ಟಿವೆ. ಮನುಷ್ಯನ ಪ್ರಾಣ ಉಳಿಸುವ ಉಪಕರಣವಿದು ಎಂದು ನಾವು ಹಿಂಜರಿಕೆಯಿಲ್ಲದೆ ಹೇಳುತ್ತೇವೆ.

ಆದರೆ ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದು ಎಷ್ಟು ಮಂದಿಗೆ ಗೊತ್ತು? ತೋಟದ ಮೇಲೆ ಹಾದುಹೋದ ತಂತಿಗೆ ದೋಟಿಯ ತುದಿ ತಾಗಿದರೆ ಹಿಡಿದವನು ಅಲ್ಲೇ ಸಾಯುತ್ತಾನೆ. ದೋಟಿ ಕೊಂಡವನು ತೋಟದ ಯಜಮಾನ, ಹಿಡಿಯುವವನು ಕೂಲಿಯವನು. ತಂತಿ ಎಲ್ಲಿದೆ ಎಂದು ಮೊದಲೇ ತೋರಿಸಿಕೊಡುವ, ಆ ಸಾಲಿನ ಮರಗಳನ್ನು ಬಿಡಿಸುವ ಹೊಣೆ ಯಜಮಾನನದು. ಪ್ರತಿಯೊಬ್ಬನೂ ತನ್ನ ವಶದಲ್ಲಿರುವವರ ಕುರಿತು ಪ್ರಶ್ನಿಸಲ್ಪಡುವ ಕುರುಬ ಎಂಬ ಪ್ರವಾದಿವಚನ ತೋಟದ ಬೇಲಿಯ ಹೊರಗೆ ನಿಲ್ಲುವುದಿಲ್ಲ.

ದೋಟಿ ಬಂದ ಮೇಲೆ ಮರ ಹತ್ತುವವನ ಗತಿ ಏನು ಎಂಬುದೂ ಒಂದು ಪ್ರಶ್ನೆ. ದೋಟಿ ಕಲಿತ ಯುವಕ ಒಳ್ಳೆಯ ದುಡಿಮೆ ಮಾಡುತ್ತಿದ್ದಾನೆ. ಮೂವತ್ತು ವರ್ಷ ಮರ ಹತ್ತಿ ಕಾಲು ಸವೆದವನ ಬಳಿ ಅದನ್ನು ಕೊಳ್ಳುವ ಹಣವಿಲ್ಲ. ಈ ವಿಷಯದಲ್ಲಿ ನಮ್ಮ ಶಾಫಿಈ ಫಿಕ್ಹ್‌ನ ಒಂದು ವಿವರ ಬಹಳ ಉಪಯುಕ್ತ. ಕಸುಬು ಬಲ್ಲ ಬಡವನಿಗೆ ಝಕಾತ್‌ನಿಂದ ಅವನ ಕಸುಬಿನ ಸಲಕರಣೆ ಕೊಳ್ಳುವಷ್ಟನ್ನು ಕೊಡಬಹುದು, ಅದರ ಬೆಲೆ ಕಡಿಮೆಯಿರಲಿ ಹೆಚ್ಚಿರಲಿ ಎಂದು ಇಮಾಮ್ ನವವಿ ವಿವರಿಸಿದ್ದಾರೆ. ರಮಝಾನ್‌ನಲ್ಲಿ ಬಾಗಿಲಿಗೆ ಬಂದವರಿಗೆಲ್ಲ ನೂರು ಇನ್ನೂರು ಹಂಚುವ ಬದಲು, ನಾಲ್ಕು ಮನೆಯವರು ಸೇರಿ ಒಬ್ಬ ಅರ್ಹನಿಗೆ ದೋಟಿಯೊಂದನ್ನು ಕೊಡಿಸಲಿ. ಮುಂದಿನ ವರ್ಷ ಅವನು ಸಾಲಿನಲ್ಲಿ ನಿಲ್ಲುವುದಿಲ್ಲ.

ಡ್ರೋನ್ ಬಗ್ಗೆ ಎರಡು ಮಾತು ಸಾಕು. ಬಯಲು ಗದ್ದೆಗೆ ಅದು ಚೆನ್ನಾಗಿ ಹೊಂದುತ್ತದೆ. ಅಡಿಕೆಯಲ್ಲಿ ಡ್ರೋನ್ ಹಾರುವುದು ಸೋಗೆಯ ಮೇಲೆ, ಕೊಳೆರೋಗ ಬರುವುದು ಸೋಗೆಯ ಕೆಳಗಿನ ಗೊನೆಗೆ. ಮದ್ದು ಗೊನೆಯ ಒಳಗೆ ತಲುಪುತ್ತದೆಯೇ ಎಂದು ನಿಮ್ಮ ಹತ್ತು ಮರದಲ್ಲಿ ನೋಡಿದ ಮೇಲೆ ಬಾಡಿಗೆ ಕೊಡಿ. ಮಾರುವವನ ವಿಡಿಯೊದಲ್ಲಿ ಎಲ್ಲ ತೋಟವೂ ಹಸಿರಾಗಿಯೇ ಇರುತ್ತದೆ.

ಮಳೆ ಅಳೆಯುವ ಯಂತ್ರದ ವಿಷಯ ಹೆಚ್ಚು ಗಂಭೀರ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತಾನಾಗಿ ಮಾಹಿತಿ ಕಳುಹಿಸುವ ಮಳೆ ಮಾಪಕಗಳನ್ನು ನಿಲ್ಲಿಸಿದೆ. ದೇಶದಲ್ಲಿ ಇಷ್ಟು ಒತ್ತಾಗಿ ಮಾಪಕಗಳನ್ನು ಇಟ್ಟ ರಾಜ್ಯಗಳು ಕಡಿಮೆ. ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆ ನಿಂತಿರುವುದು ಈ ಅಂಕಿಗಳ ಮೇಲೆ. ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂ. ವಿಮಾ ಮೊತ್ತಕ್ಕೆ ಬೆಳೆಗಾರ 6,400 ರೂ. ಕಟ್ಟಿದ್ದಾನೆ. ಅಧಿಕಾರಿ ಬಂದು ಉದುರಿದ ಕಾಯಿ ಎಣಿಸಬೇಕಿಲ್ಲ, ಯಾರ ಕೈ ಬಿಸಿ ಮಾಡಬೇಕಿಲ್ಲ. ಮಾಪಕ ತೋರಿಸಿದ ಮಳೆ ನಿಗದಿತ ಮಟ್ಟ ಮೀರಿದರೆ ಪರಿಹಾರ ಬ್ಯಾಂಕ್ ಖಾತೆಗೆ ಬರುತ್ತದೆ. ವಿಮೆಯ ಶರೀಅತ್ ವಿಧಿಯ ಚರ್ಚೆ ಇಂದಿನದಲ್ಲ, ಅದನ್ನು ಬೇರೆ ದಿನ ನೋಡೋಣ. ಇಂದಿನ ಪ್ರಶ್ನೆ, ಮಾಪಕವೇ ಕೆಟ್ಟು ನಿಂತರೆ? ಅದರ ಬಾಯಿಗೆ ಎಲೆ ಬಿದ್ದು ಮುಚ್ಚಿದರೆ? ಮಾಪಕ ಇರುವ ಕಡೆ ಬಿಸಿಲು, ಗುಡ್ಡದ ಆಚೆ ನಮ್ಮ ತೋಟದಲ್ಲಿ ಮಳೆ ಸುರಿದರೆ? ಆಗ ಬೆಳೆಗಾರನ ಕಣ್ಣೆದುರಿನ ಕೊಳೆತ ಕಾಯಿಗೆ ಬೆಲೆಯಿಲ್ಲ, ಯಂತ್ರದ ಅಂಕಿಗೆ ಮಾತ್ರ ಬೆಲೆ.

ಅಳತೆಯಲ್ಲಿ ಕಡಿತ ಮಾಡುವವರನ್ನು ಎಚ್ಚರಿಸಲು ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ, ಅಲ್ ಮುತಫ್ಫಿಫೀನ್. ಅಂಗಡಿಯ ತಕ್ಕಡಿಯನ್ನು ಕಣ್ಣಿನಿಂದ ನೋಡಬಹುದಿತ್ತು. ಹಿಂದಿನ ಮುಸ್ಲಿಮ್ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಮಾರುಕಟ್ಟೆಗೆ ಬಂದು ತೂಕದ ಕಲ್ಲುಗಳನ್ನು ಪರೀಕ್ಷಿಸುತ್ತಿದ್ದ. ಇಂದಿನ ತಕ್ಕಡಿ ಪಂಚಾಯತಿನ ಆವರಣದಲ್ಲಿ ಕಂಬದ ಮೇಲೆ ನಿಂತಿದೆ, ಅದನ್ನು ನೋಡುವವರಿಲ್ಲ. ನಮ್ಮ ಬೆಳೆಗಾರರು ಒಂದು ಕೆಲಸ ಮಾಡಬಹುದು. ಮುಂಗಾರಿಗೆ ಮೊದಲು ನಮ್ಮ ಪಂಚಾಯತಿನ ಮಾಪಕ ನಡೆಯುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿರಿ. ಮನೆಯಂಗಳದಲ್ಲಿ ಒಂದು ಸಾದಾ ಮಳೆ ಮಾಪಕ ಇಟ್ಟು ದಿನದ ಅಂಕಿ ಬರೆದಿಡಿ. ಆ ಪುಸ್ತಕಕ್ಕೆ ವಿಮೆಯವರು ತಲೆಬಾಗುತ್ತಾರೆಂದು ನಾವು ಹೇಳುವುದಿಲ್ಲ, ಆದರೆ ಪ್ರಶ್ನೆ ಕೇಳುವವನ ಕೈ ಖಾಲಿಯಿರಬಾರದು.

ಕೊನೆಗೆ, ನಮ್ಮ ಕೇರಿಯ ಒಳಗಿನ ವಿಷಯ.

ಬೀಡಿ ಕಟ್ಟಿ ಸಂಸಾರ ಸಾಗಿಸಿದ ಉಮ್ಮಂದಿರ ಬೆರಳುಗಳನ್ನು ನೋಡಿದ್ದೀರಾ? ನಲ್ವತ್ತು ವರ್ಷ ಎಲೆ ಸುತ್ತಿ ಗೆರೆಗಳೇ ಅಳಿಸಿಹೋಗಿವೆ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಆ ಬೆರಳು ಒತ್ತಿದರೆ ಅದು ಒಪ್ಪುವುದಿಲ್ಲ. ಒರೆಸಿ ಒತ್ತುತ್ತಾರೆ, ಇನ್ನೊಂದು ಬೆರಳು ಒತ್ತುತ್ತಾರೆ, ನಾಳೆ ಬನ್ನಿ ಎನ್ನಿಸಿಕೊಂಡು ಬರುತ್ತಾರೆ. ದುಡಿದ ಕೈಯೇ ದುಡಿದವಳ ಗುರುತನ್ನು ಅಳಿಸಿದೆ. ಯಂತ್ರದ ಉದ್ದೇಶ ಕಳ್ಳತನ ತಡೆಯುವುದು, ಅದು ಒಳ್ಳೆಯದೇ. ಆದರೆ ಯಂತ್ರ ಇಲ್ಲ ಎಂದಾಗ ಹೌದು ಎನ್ನುವ ಅಧಿಕಾರ ಯಾವ ಮನುಷ್ಯನ ಬಳಿ ಇದೆ? ಬೆರಳಚ್ಚು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು ಎಂದು ಕೇಂದ್ರ ಸರಕಾರವೇ 2017ರಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಹೊಸದಾಗಿ ಕೊಡಬಹುದು. ಮೊಬೈಲ್ ಸಂಖ್ಯೆ ಜೋಡಿಸಿದ್ದರೆ ಒಟಿಪಿ ದಾರಿಯನ್ನೂ ಕೇಳಬಹುದು. ಇದು ಉಮ್ಮನಿಗೆ ಗೊತ್ತಿಲ್ಲ. ಅಂಗಡಿಯವನು ಹೇಳುವುದಿಲ್ಲ. ಜೊತೆಗೆ ಹೋಗಬೇಕಾದ ಮೊಮ್ಮಗ ಫೋನಿನಲ್ಲಿ ಆಟವಾಡುತ್ತಿದ್ದಾನೆ.

ಧ್ವನಿಯ ವಂಚನೆ ಇನ್ನೊಂದು. ಒಬ್ಬನ ಮಾತಿನ ಸಣ್ಣ ತುಣುಕು ಸಿಕ್ಕಿದರೆ ಅದೇ ಧ್ವನಿಯಲ್ಲಿ ಬೇಕಾದ್ದನ್ನು ಹೇಳಿಸುವ ತಂತ್ರ ಈಗ ಸುಲಭವಾಗಿದೆ. ಮಗ ದಮ್ಮಾಮ್‌ನಲ್ಲಿದ್ದಾನೆ. “ಉಮ್ಮಾ, ಸಿಕ್ಕಿಬಿದ್ದಿದ್ದೇನೆ, ಈ ನಂಬರಿಗೆ ಹಣ ಹಾಕಿ, ಯಾರಿಗೂ ಹೇಳಬೇಡಿ” ಎಂದು ಅವನ ಧ್ವನಿಯಲ್ಲೇ ಕರೆ ಬಂದರೆ ಯಾವ ತಾಯಿ ಅನುಮಾನಿಸಿಯಾಳು? ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರೂ ಇದ್ದಾರೆ. ನಮ್ಮ ದೇಶದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಸುದ್ದಿ ತಂದವನನ್ನೂ ಸುದ್ದಿಯನ್ನೂ ಪರಿಶೀಲಿಸಿರಿ ಎಂಬ ಅಲ್ ಹುಜುರಾತ್ ಅಧ್ಯಾಯದ ಆದೇಶ ಇಲ್ಲಿ ತೀರಾ ನೇರವಾಗಿ ಅನ್ವಯಿಸುತ್ತದೆ. ಕರೆ ಕಡಿದು, ಮಗನ ಹಳೆಯ ನಂಬರಿಗೆ ನೀವೇ ಕರೆ ಮಾಡಿ. ಮನೆಯವರೊಳಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಹಣ ಹೋಗಿಯೇ ಬಿಟ್ಟರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ದೀನಿನ ವಿಷಯವನ್ನೂ ಜನ ಈಗ ಫೋನಿನ ಆಪ್‌ಗೆ ಕೇಳುತ್ತಿದ್ದಾರೆ. ತಲಾಕ್‌ನ ಮಸಲೆ, ವಾರಸು ಹಂಚಿಕೆ, ಮಗುವಿನ ಹೆಸರಿನ ಅರ್ಥ. ಈ ಆಪ್‌ಗಳು ಇಲ್ಲದ ಹದೀಸನ್ನೂ ಗ್ರಂಥದ ಹೆಸರು, ಸಂಖ್ಯೆ ಸಹಿತ ಬರೆದುಕೊಡಬಲ್ಲವು. ಅದಕ್ಕೆ ಸುಳ್ಳು ಹೇಳುವ ಉದ್ದೇಶವಿಲ್ಲ. ಯಾವ ಪದದ ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಪೋಣಿಸುವುದು ಅದರ ಕೆಲಸ. ನಮ್ಮ ಹದೀಸ್ ವಿದ್ವಾಂಸರು ಮಾತಿಗಿಂತ ಮೊದಲು ಅದರ ಸನದನ್ನು ಕೇಳುತ್ತಿದ್ದರು. ಯಾರು ಯಾರಿಂದ ಕೇಳಿದರು, ಅವರು ಎಂಥವರು, ಭೇಟಿಯಾಗಿದ್ದರೇ? ಒಂದು ಹದೀಸಿಗಾಗಿ ತಿಂಗಳುಗಟ್ಟಲೆ ಪ್ರಯಾಣ ಮಾಡಿದವರ ವಾರಸುದಾರರು ನಾವು. ಸನದಿಲ್ಲದ ಉತ್ತರವನ್ನು ಕುಟುಂಬದ ಗುಂಪಿಗೆ ಕಳುಹಿಸುವ ಮೊದಲು ಒಬ್ಬ ಬಲ್ಲವರಿಗೆ ತೋರಿಸಿ. ಅವರಿಗೆ ತಿಳಿಯದಿದ್ದರೆ ತಿಳಿಯದು ಎನ್ನುತ್ತಾರೆ. ಆ ಒಂದು ಮಾತನ್ನು ಹೇಳಲು ಯಂತ್ರ ಇನ್ನೂ ಸರಿಯಾಗಿ ಕಲಿತಿಲ್ಲ.

ಜಮಾಅತ್ ಸಮಿತಿಯಲ್ಲಿ ಮಾತನಾಡಿ ನಾವು ಕೆಲವು ಏರ್ಪಾಡು ಮಾಡಿದ್ದೇವೆ. ಬರುವ ರವಿವಾರದಿಂದ ಅಸರ್ ನಮಾಝ್ ಬಳಿಕ ಮದ್ರಸಾದ ಕೆಳಗಿನ ಕೊಠಡಿಯಲ್ಲಿ ಕಾಲೇಜು ಓದುವ ನಾಲ್ವರು ಹುಡುಗರು, ಹೆಂಗಸರ ಕಡೆ ಇಬ್ಬರು ಹುಡುಗಿಯರು ಕುಳಿತಿರುತ್ತಾರೆ. ಪಡಿತರದ ಬೆರಳಚ್ಚು, ಬೆಳೆ ವಿಮೆ, ಫೋನಿನ ತೊಂದರೆ, ಏನಿದ್ದರೂ ಬನ್ನಿ, ಇದು ಎಲ್ಲ ಸಮುದಾಯದ ನೆರೆಯವರಿಗೂ ತೆರೆದಿದೆ ಎಂದು ಅವರಿಗೂ ತಿಳಿಸಿ. ಬೆರಳಚ್ಚು ಹೊಂದದ ಬೀಡಿ ಕಾರ್ಮಿಕರ ಪಟ್ಟಿ ಮಾಡಿ ಆಹಾರ ಇಲಾಖೆಗೆ ಒಟ್ಟಾಗಿ ಕೊಡುವ ಆಲೋಚನೆಯಿದೆ, ಆದ್ದರಿಂದ ಅಂಥವರು ಮೊದಲ ವಾರವೇ ಬರಲಿ. ರಾತ್ರಿ ಎದೆನೋವು ಬಂದವರನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ಯಲು ವಾಹನ ಕೊಡಲು ಒಪ್ಪಿದ ಐವರ ಹೆಸರು, ನಂಬರು ಮಸೀದಿಯ ಫಲಕದಲ್ಲಿದೆ, ಮನೆಯ ಗೋಡೆಗೂ ಬರೆದು ಅಂಟಿಸಿ.

ರವಿವಾರ ಬರುವವರು ಪಡಿತರ ಚೀಟಿ, ಆಧಾರ್ ಕಾರ್ಡು ಮತ್ತು ಅದಕ್ಕೆ ಜೋಡಿಸಿದ ಫೋನನ್ನು ತನ್ನಿ. ಒಟಿಪಿ ಬಂದಾಗ ನೀವೇ ಒತ್ತಿ. ನಮ್ಮ ಹುಡುಗರಿಗೂ ಅದನ್ನು ಹೇಳಬೇಡಿ.